ಒಳಗಿನ ಗಂಟು

ಮೊದಲಿನದು ಹೈದರಾಬಾದಿನಿಂದ ತಂದ ನೈಲಾನಿನದು.
ನೆಹರೂ ಗಂಜಿನಿಂದ ಬ್ಯಾಂಕಿನ ತನಕ ಮೇ ತಿಂಗಳ ಬಿಸಿಲು,
ಸ್ಕೂಟರಿನ ಸೀಟೇ ಕಾದ ಹಂಚು;
ಬೆವರಿಗೆ ನೆನೆದು ಸೊಂಟ ತಿಂದುಹಾಕಿತು.
ಬಿಚ್ಚಿದರೆ ಚರ್ರ್ ಎಂಬ ಸದ್ದು,
ಮುಚ್ಚಿಡಬೇಕಾದ್ದನ್ನು ಓಣಿಗೆಲ್ಲ ಡಂಗುರ ಹೊಡೆದ ಹಾಗೆ.
ರಿವಾಲ್ವರು ದಾಲ್ ಮಿಲ್ಲಿನ ಸಾಹುಕಾರರದು,
ಲೈಸೆನ್ಸೂ ಅವರದೇ, ಕೆಳಗೆ ರಿಟೇನರ್ ಎಂದು ನನ್ನ ಹೆಸರು.
ಹೊರುವ ಸೊಂಟ ಮಾತ್ರ ಪೂರ್ತಿ ನನ್ನದು.

ಸೂಪರ್ ಮಾರ್ಕೆಟ್ಟಿನ ಹಿಂದೆ ಝರೆಪ್ಪನ ಡಬ್ಬಿ ಅಂಗಡಿ.
ಟೇಪು ತೆಗೆಯುವ ಮೊದಲೇ ಕೇಳಿದ:
‘ಊಟಕ್ಕ ನೆಲದ ಮ್ಯಾಲ ಕೂಡ್ತೀರೇನ್ರಿ, ಕುರ್ಚಿ ಮ್ಯಾಲೊ?
ಗಾಡಿಗಿ ಕಿಕ್ ಹೊಡಿಯೋದು ಯಾವ ಕಾಲಿಲೆ?
ಕೂಸು ಓಡಿ ಬಂದು ತೆಕ್ಕಿ ಬೀಳೋದು ಯಾವ ಕಡಿಗಿ?’
ಯಾರ ಅಂಜಿಕೆ ಎಂದು ಕೇಳಲಿಲ್ಲ,
ಅದನ್ನು ಠಾಣೆಯವರು ಕೇಳಿ ಬರೆದುಕೊಂಡಾಗಿತ್ತು.

ಕೂಸಿನ ಪ್ರಶ್ನೆಗೆ ತಡವರಿಸಿದೆ.
ನೆನೆಸಿಕೊಂಡರೆ, ಭಾಗು ಯಾವಾಗಲೂ ಬಲಕ್ಕೇ ಬರುತ್ತಾಳೆ.
‘ಹಂಗಾರ ಹಿಂದ್ಕ ಸರಸೂಣು, ಎಲುಬು ದಾಟಿ, ತುಸು ವಾರಿ.’

ಆಡಿನ ತೊಗಲು ಮೆತ್ತಗೆ, ಆದರೆ ವರ್ಷ ತುಂಬುವುದರೊಳಗೆ
ಬಾಯಿ ಮುಚ್ಚಿಕೊಳ್ಳುತ್ತದಂತೆ.
ಎಮ್ಮೆಯದು ಹೊರಗೆ, ಆಡಿನದು ಒಳಗೆ ಎಂದು ಠರಾಯಿಸಿದ.
‘ಜಾಲಿ ತೊಗಟಿ ಹಾಕಿ ಹದ ಮಾಡಿದ್ದು, ಮೂಸ್ರಿ’ ಎಂದ.
ಮೂಸಿದೆ. ಮಳೆ ಬಿದ್ದ ಕಟ್ಟಿಗೆ ಅಡ್ಡೆಯ ವಾಸನೆ.

ಗುಂಡು ತೆಗೆದೆ. ಆರು.
ರಾಪಿ, ಆರಿ, ಮೇಣದುಂಡೆಯ ಪಕ್ಕ ಸಾಲಾಗಿ ಇಟ್ಟೆ.
ಬಂದೂಕಿಗೆ ಹಾಲಿನ ಪಾಕೀಟು ಸುತ್ತಿ
ನೆನೆದ ತೊಗಲಿನೊಳಗೆ ಇಳಿಸಿ
ಎಲುಬಿನ ತುಂಡಿನಿಂದ ತಿಕ್ಕತೊಡಗಿದ;
ನಿಧಾನಕ್ಕೆ ಗಾಲಿ ಮೂಡಿತು, ಕುದುರೆ ಮೂಡಿತು.
ಆಯುಧ ಬಿಟ್ಟು ಹೋಗುವಂತಿಲ್ಲ,
ಒಣಗುವ ತನಕ ಕೂತೆ. ಸುಸಲಾ, ಮಿರ್ಚಿ, ಮೂರು ಚಹಾ.
ಝರೆಪ್ಪ ಅಂದ: ‘ಹೊಸಾ ಚಪ್ಪಲಿ ಮೂರು ದಿನ ಕಚ್ತದ,
ಆಮ್ಯಾಲ ಕಾಲು ಹೇಳ್ದಂಗ ಕೇಳ್ತದ.
ಇದು ಹಂಗಲ್ರಿ. ಇದು ಹೇಳ್ದಂಗ ನಿಮ್ಮ ಸೊಂಟ ಕೇಳ್ಬೇಕಾಗ್ತದ.’

ಕೇಳಿತು. ವಾರದಲ್ಲೇ.
ಚೀಲಕ್ಕೆ ಬಗ್ಗುವುದು ಬಿಟ್ಟು ಕುಕ್ಕರಗಾಲಲ್ಲಿ ಕೂರತೊಡಗಿದೆ,
ಅಂಗಿ ಹೊರಗೆ ಬಿಟ್ಟೆ,
ಮದುವೆಯ ಫೋಟೋಗಳಲ್ಲಿ ಎಡಕ್ಕೆ ವಾಲಿ ನಿಂತೆ.
ಹಮಾಲ ಸಾಬಣ್ಣ, ‘ಮಾಲಕರಂಗ ನೆಟ್ಟಗ ನಡೀಲತ್ತೀರಿ’ ಎಂದ.

ಆಷಾಢದ ಸೋಮವಾರ ಅಪ್ಪನ ಗುಡಿಯಲ್ಲಿ
ಚಪ್ಪಲಿ ಬಿಟ್ಟೆ, ಬೆಲ್ಟು ಬಿಚ್ಚಬೇಕೆನ್ನುವುದೇ ನೆನಪಾಗಲಿಲ್ಲ.
ಪಾಳಿಯಲ್ಲಿ ಮುಕ್ಕಾಲು ತಾಸು.
ನನ್ನ ಬೆನ್ನಿಗೆ ಯಾರದೋ ಮುದುಕಿ, ಅವಳ ಕಂಕುಳಲ್ಲಿ ನಿದ್ದೆಗಣ್ಣಿನ ಮೊಮ್ಮಗ,
ಅವನ ಕಾಲು ನನ್ನ ಅಂಗಿಗೆ ತಾಗುತ್ತಲೇ ಇತ್ತು.
ಅಡ್ಡ ಬೀಳಲು ಬಾಗಿದಾಗ
ಎಲ್ಲೂ ಏನೂ ಒತ್ತಲಿಲ್ಲ.
ಅಷ್ಟು ಚೆನ್ನಾಗಿ ಕೂತಿತ್ತು.
ಹಣೆ ನೆಲಕ್ಕೆ ತಾಗಿದ ಮೇಲೆ ನೆನಪಾಯಿತು: ಆರು.

ಮರುದಿನ ಡಬ್ಬಿ ಅಂಗಡಿ ತೆರೆಯುವ ಮೊದಲೇ ಹೋಗಿ ನಿಂತೆ.
‘ಒಳಗ ಒಂದು ಗಂಟು ಬಿಡು ಝರೆಪ್ಪ. ಚುಚ್ಚಬೇಕು.’
ನಕ್ಕ. ‘ಚಪ್ಪಲಿಯಾಗ ಗಂಟು ಬಿಟ್ರ
ಜನ ಅದೇ ಚಪ್ಪಲಿ ನನ್ನ ತಲಿಗಿ ಹಾಕ್ತಾರ್ರಿ.’
ಆಮೇಲೆ ನಗಲಿಲ್ಲ. ದಾರಕ್ಕೆ ಮೇಣ ಎಳೆದ.

ಈಗ ರಾತ್ರಿ ಬಿಚ್ಚಿಟ್ಟಾಗ
ಸೊಂಟದ ಮೇಲೆ ತೊಗರಿಕಾಳಿನಷ್ಟು ಕೆಂಪು.
ಭಾಗು ಬೆರಳಿಟ್ಟು ಕೇಳುತ್ತಾಳೆ,
‘ಅಪ್ಪಾ, ಇರುವಿ ಕಡೀತೇನು?’
ಹ್ಞೂಂ ಅನ್ನುತ್ತೇನೆ.