ಉಗುರುಬಣ್ಣದ ಗೆರೆ

ಕೂಗುತ್ತೇನೆಂದು ಬೇಸರಿಸಬೇಡ ದೈರೊ,
ಕಿವಿಮಾತನ್ನೂ ನಾನೀಗ ಕೂಗಿಯೇ ಹೇಳುವುದು.
ಹತ್ತಿರ ಬಾ. ಈ ತಿರುಗುಗುಂಡಿ ನೋಡು:
ಏಳು ಎಂಟರ ನಡುವೆ ಕೆಂಪಗೊಂದು ಗೆರೆ.
ನನ್ನ ಮಗಳು ಯುರಾನಿಸ್ ಎಳೆದದ್ದು,
ಕಿರುಬೆರಳಿಗೆ ಹಚ್ಚಿ ಉಳಿದ ಬಣ್ಣದಲ್ಲಿ.
ಒಣಗುವ ತನಕ ಉಫ್ ಉಫ್ ಊದಿ
'ಅಪ್ಪಾ, ಇಲ್ಲಿಗೆ ನಿಲ್ಲು' ಅಂದಳು.

ಈ ಪಿಕೋ ನನಗಿಂತ ಎತ್ತರ.
ಎದೆಯ ಮೇಲೆ ಚಿರತೆ ಬರೆಸಿದ್ದೇನೆ,
ಅರಿಸಿನದ ಮೈ, ಅಗಲಿಸಿದ ಬಾಯಿ,
ಬಾಯೊಳಗೆ ಹದಿನೆಂಟಂಗುಲದ ಸ್ಪೀಕರು.
ಶನಿವಾರ ಕತ್ತೆಗಾಡಿಯಿಂದ ಇಳಿಸಿದೆವೆಂದರೆ
ಬೀದಿಯ ಎರಡು ತುದಿಗೂ ಕುರ್ಚಿ ಅಡ್ಡ,
ಬರ್ರಾಂಕಿಯಾದ ಈ ಮೂಲೆಗೆ ಬೇರೆ ಕೆಲಸವಿಲ್ಲ.
ಅಂಗಿಯ ಗುಂಡಿ ಅದುರಬೇಕು, ಆಗ ಹಾಡು.
ಮೇಜಿನ ಮೇಲೆ ಬಾಟಲಿಗಳು
ತಾವೇ ನಡೆದು ಅಂಚಿಗೆ ಬರುತ್ತಿದ್ದವು,
ಯಾವುದು ಮೊದಲು ಬೀಳುವುದೆಂದು
ನಾವು ಪಣ ಕಟ್ಟುತ್ತಿದ್ದೆವು.
ಎದುರು ಬೀದಿಯ ಎಲಿಯೆಸಿದ್ ಎಂಟಕ್ಕೆ ಹೋದರೆ
ನಾನು ಒಂಬತ್ತಕ್ಕೆ.
ಮೂವತ್ತೊಂದು ವರ್ಷ.

ಮೊದಲು ಹೋದದ್ದು ಯಾವುದು ಗೊತ್ತೆ?
ಸಾಣೆ ಹಿಡಿಯುವವನ ಕೊಳಲು.
ಮಂಗಳವಾರ ಮಂಗಳವಾರ ಬರುತ್ತಿದ್ದ,
ಸೈಕಲ್ಲಿಗೆ ಕಟ್ಟಿದ ಕಲ್ಲು, ತುಟಿಯಲ್ಲಿ ಸಣ್ಣ ಕೊಳಲು,
ಬೀದಿಯ ಈ ಕೊನೆಯಿಂದ ಆ ಕೊನೆಗೆ
ಒಂದು ತೆಳ್ಳನೆಯ ದಾರ ಎಳೆದ ಹಾಗೆ ಊದುತ್ತ.
ಎಷ್ಟೋ ವಾರ ಕೇಳಲಿಲ್ಲ. ಸತ್ತನೆಂದುಕೊಂಡೆ.
'ಪಾಪ, ಯಾವಾಗ ತೀರಿಕೊಂಡ?' ಎಂದೆ.
ನೀದಿಯಾ ಅಡುಗೆಮನೆಯಿಂದ ಚಾಕು ತಂದು
ಅಲಗಿನ ಹೊಳಪು ತೋರಿಸಿದಳು.
ಬೆಳಿಗ್ಗೆ ತಾನೇ ಬಂದು ಹೋಗಿದ್ದ.

ಆಮೇಲೆ ಆಸ್ಪತ್ರೆ. ಸ್ಪಂಜಿನ ಗೋಡೆಯ ಕೋಣೆ,
ಕಿವಿಗೆ ಹೆಡ್‌ಫೋನು, ಕೈಯಲ್ಲಿ ಗುಂಡಿ.
ಸದ್ದು ಕೇಳಿದಾಗ ಒತ್ತಿ ಎಂದಳು ಹುಡುಗಿ.
ಒತ್ತಿದೆ. ಮತ್ತೆ ಒತ್ತಿದೆ. ಒತ್ತುತ್ತಲೇ ಇದ್ದೆ,
ಎಲ್ಲ ಕೇಳುತ್ತದಲ್ಲ ಎಂದು ಒಳಗೊಳಗೇ ಹಿಗ್ಗಿ.
ಅವಳು ಬಾಗಿಲು ತೆರೆದು ನನ್ನ ಮುಖಕ್ಕೆ ಮುಖ ತಂದು
'ದೋನ್ ಎವರಿಸ್ತೊ,
ನಾನಿನ್ನೂ ಶುರುವೇ ಮಾಡಿಲ್ಲ.'

ಆ ಕೀ ಎನ್ನುವ ಸದ್ದು ನನ್ನದೇ.
ರಾತ್ರಿ ದಿಂಬಿಗೂ ನನಗೂ ನಡುವೆ ಮಲಗುತ್ತದೆ.
ಕಿವಿಯ ಆಳದಲ್ಲಿ ಹುಲ್ಲಿನಂಥ ಕೂದಲಿದೆಯಂತೆ,
ತುಳಿದರೆ ಮಲಗುತ್ತದಂತೆ, ತಡೆದರೆ ಏಳುತ್ತದಂತೆ,
ದಿನವೂ ತುಳಿದರೆ ಮತ್ತೆ ಚಿಗುರುವುದಿಲ್ಲವಂತೆ.
'ನನ್ನ ನೆತ್ತಿಯ ಹಾಗೆ' ಎಂದೆ.
ಅವಳು ನಗಲಿಲ್ಲ.
ನಕ್ಕಿರಲೂಬಹುದು.

ನೀನು ಬೆಳಿಗ್ಗೆ ಬಾಗಿಲಿಗೆ ಬಂದಾಗ
ಕಿವಿಯಲ್ಲಿ ಆ ಬಿಳಿ ಕಾಳು ಸಿಕ್ಕಿಸಿಕೊಂಡು,
ಸೋರುತ್ತಿದ್ದ ಹಾಡು ಯಾವುದೆಂದು ನನಗೆ ತಿಳಿಯಿತು.
ನನಗೆ ತಿಳಿಯಿತು, ದೈರೊ!
ನೀನೇ ಲೆಕ್ಕ ಹಾಕು.

ತಗೋ, ಹಳದಿ ಬೆಂಡು. ಬೀಡಿಯ ಹಾಗೆ ಸಣ್ಣಗೆ ಹೊಸೆ,
ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು
ಕಿವಿ ಹಿಂಡುವ ಮೇಷ್ಟ್ರ ಹಾಗೆ ಮೇಲಕ್ಕೆಳೆ,
ತೂರಿಸು, ಇಪ್ಪತ್ತು ಎಣಿಸು, ಅದೇ ಅರಳಿಕೊಳ್ಳುತ್ತದೆ.
ಚಿರತೆಯ ಬಾಯೆದುರು ನಿಲ್ಲಬೇಡ, ಪಕ್ಕಕ್ಕೆ ಬಾ.
ನಾಲ್ಕು ಹಾಡಿಗೊಮ್ಮೆ ಗೋಡೆಯಾಚೆ ಹೋಗಿ
ಮೀನು ಕರಿಯುವ ಎಣ್ಣೆಯ ಚಟಪಟ ಕೇಳಿ ಬಾ.
ಅದು ಕೇಳದಿದ್ದರೆ ಇಲ್ಲಿಗೆ ಮರಳಬೇಡ,
ಮನೆಗೆ ಹೋಗು.

ಇನ್ನೊಂದು ಮಾತು, ಯುರಾನಿಸ್‌ಗೆ ಹೇಳಬೇಡ.
ಈ ಗೆರೆಯನ್ನು ಅವಳು ಮೂರು ಸಲ ಬಳಿದಿದ್ದಾಳೆ.
ಸೆಕೆಗೆ, ಬೆವರಿಗೆ ಅಳಿಸುತ್ತದೆ ಎಂದುಕೊಂಡಿದ್ದಾಳೆ.
ಸವೆಸಿದ್ದು ನನ್ನ ಹೆಬ್ಬೆರಳು.
ಜನ 'ಏರಿಸು ಏರಿಸು' ಅನ್ನುತ್ತಾರೆ,
ನನಗೋ ಎಂಟೂ ಈಗ ಐದರ ಹಾಗೆ,
ಕಿವಿಯ ಸಾಕ್ಷಿ ನಂಬುವಂತಿಲ್ಲ.
ಅದಕ್ಕೇ ಇವತ್ತಿನಿಂದ ಗುಂಡಿ ನಿನ್ನ ಕೈಗೆ.
ನಾನು ಆ ಮೇಜಿನ ಹತ್ತಿರ ಕೂತಿರುತ್ತೇನೆ,
ಬಾಟಲಿ ಹೆಜ್ಜೆ ಹಾಕಿತೋ, ಟೋಪಿ ಬೀಸುತ್ತೇನೆ.

ಮತ್ತೆ ಮಂಗಳವಾರ, ಅವನು ಬಂದಾಗ
ನನ್ನ ಭುಜ ಮುಟ್ಟು, ಮರೆಯಬೇಡ.
ಸಾಣೆಗೆ ಕೊಡಲು ಚಾಕುವೇನೂ ಇಲ್ಲ.
ಬಾಗಿಲಲ್ಲಿ ನಿಂತು
ಅವನ ಕೆನ್ನೆ ಉಬ್ಬುವುದನ್ನು ನೋಡುತ್ತೇನೆ.