ಐದನೆಯ ಹೆಸರು

ಠಾಣೆಯ ಪುಸ್ತಕದಲ್ಲಿ ಅವನಿರಲಿಲ್ಲ.
ಬೆರಳಿಗೆ ಉಗುಳು ಹಚ್ಚಿ ಹಾಳೆ ತಿರುವಿ ತಿರುವಿ
ರೈಟರು ಹೇಳಿದ: ಆ ಹೆಸರಿನವನನ್ನ ನಾವು ತಂದೇ ಇಲ್ಲ ಕಣಮ್ಮ.
ಆಸ್ಪತ್ರೆಯ ಪುಸ್ತಕದಲ್ಲೂ ಇರಲಿಲ್ಲ.
ಕಾರ್ಖಾನೆಯ ಹಾಜರಿಯಲ್ಲಿ ಹದಿನಾಲ್ಕನೇ ತಾರೀಖಿನವರೆಗೆ ಇದ್ದ,
ಆಮೇಲೆ ಸಾಲಾಗಿ ಕೆಂಪು ಶಾಯಿಯ ಗೈರು.

ಇದ್ದದ್ದು ಒಂದೇ ಕಡೆ,
ನಮ್ಮ ರೇಷನ್ ಕಾರ್ಡಿನಲ್ಲಿ.
ಅಜ್ಜಿ, ಅಪ್ಪ, ಅವ್ವ, ನಾನು;
ಮೊದಲು ಬಿಟ್ಟುಹೋಗಿ ಬೇರೆ ಶಾಯಿಯಲ್ಲಿ ಸೇರಿಸಿದ
ಐದನೆಯವ: ಜವರಾಯಿ, ವಯಸ್ಸು ಇಪ್ಪತ್ತಮೂರು.
ಮೇಲೆ ಸರ್ಕಾರದ್ದೇ ನೇರಳೆ ಮೊಹರು.

ಮೊದಲಿನ ಎರಡು ಕೂಸು ಉಳಿಯಲಿಲ್ಲವೆಂದು
ಸಾವಿಗೇ ಹೆದರಿಕೆಯಾಗಲೆಂದು
ಸಾವಿನ ಹೆಸರನ್ನೇ ಇಟ್ಟಿದ್ದಳು ಅಜ್ಜಿ.
ಜೀಪು ಹೆದರಲಿಲ್ಲ. ಅದಕ್ಕೆ ನಂಬರೂ ಇರಲಿಲ್ಲ.
ನಾಲೆ ಏರಿಯ ಮೇಲೆ ಸೈಕಲ್ ಸಿಕ್ಕಿತು,
ಸ್ಟ್ಯಾಂಡ್ ಹಾಕಿ, ಬೀಗ ಹಾಕಿ, ನೀಟಾಗಿ.
ಅವನೆಂದೂ ಬೀಗ ಹಾಕಿದವನಲ್ಲ.
ಆ ಕೀ ಇವತ್ತಿಗೂ ಯಾರದೋ ಜೇಬಿನಲ್ಲಿದೆ.

ತಿಂಗಳಿಗೊಮ್ಮೆ ಅವ್ವ
ಗುತ್ತಲು ರಸ್ತೆಯ ಸೊಸೈಟಿ ಮುಂದೆ ನಿಲ್ಲುತ್ತಿದ್ದಳು.
ತಲೆಗಿಷ್ಟು ಸಕ್ಕರೆ. ಐದು ತಲೆ.
ತೂಗುವ ಕೆಂಪರಾಜು ಒಮ್ಮೆ ತಕ್ಕಡಿ ತಡೆದ:
ಮಗ ಬಂದನೇನವ್ವ?
ಬತ್ತನೆ, ತೂಗು.
ಊರಿಗೆ ಊರೇ ಕಾಕಂಬಿ ನಾರುವ ಮಂಡ್ಯದಲ್ಲಿ
ಅವನ ಪಾಲು ಬೇರೆ ಡಬ್ಬಿಯಲ್ಲಿ ಕೂತಿತು.
ನನ್ನ ಮದುವೆಯ ದಿನ ಬೀಗರ ಕಾಫಿಗೆ ಸಾಲದೆ
ಪಕ್ಕದ ಮನೆಯಿಂದ ಕಡ ತಂದೆವು,
ಆ ಡಬ್ಬಿ ಮುಟ್ಟಲಿಲ್ಲ.

ಫುಡ್ ಆಫೀಸಿನವ ಬಂದ, ಜಗುಲಿ ಮೇಲೆ ಕೂತ.
ಹೆಸರು ತೆಗೆಯೋಕೆ ನಮ್ಮ ಫಾರಂನಲ್ಲಿ ಎರಡೇ ಕಾರಣ:
ಸತ್ತಿದಾನೆ, ಇಲ್ಲಾ ಬೇರೆ ಊರಿಗೆ ಹೋಗಿದಾನೆ.
ಯಾವುದು ಬರೀಲಿ?
ಕರ್ಕೊಂಡು ಹೋದ್ರು ಅಂತ ಬರಿ.
ಅದಕ್ಕೆ ಜಾಗ ಇಲ್ಲವಮ್ಮ.
ಹಂಗಾದ್ರೆ ಬುಡು, ಇದ್ದಲ್ಲೇ ಇರ್ಲಿ.

ಎಲೆಕ್ಷನ್ ಆಯಿತು.
ಜೈಲಿನಿಂದ ಬಂದವರಿಗೆ ಹಾರ ಬಿತ್ತು.
ಅವ್ವ ಒಂಬತ್ತು ದಿನ ಸ್ಟೇಷನ್ನಿಗೆ ಹೋಗಿ
ಮೈಸೂರು ಕಡೆಯ ಗಾಡಿ, ಬೆಂಗಳೂರು ಕಡೆಯ ಗಾಡಿ
ಎರಡನ್ನೂ ಖಾಲಿಯಾಗುವವರೆಗೆ ನೋಡಿ ಬಂದಳು.
ಮಾರ್ಲಮಿಯ ಎಡೆಗೆ ಅಜ್ಜಿಗೊಂದು ಎಲೆ,
ಆಮೇಲಾಮೇಲೆ ಅಪ್ಪನಿಗೊಂದು.
ಮೂರನೆಯದು ಹಾಸಲು ಬಂದ ಚಿಕ್ಕಪ್ಪನ ಕೈಯಿಂದ
ಕಿತ್ತು ಹಸುವಿಗೆ ಹಾಕಿದಳು.

ಗಂಡನ ಮನೆಯಿಂದ ತಿರುಗಿ ಬಂದು
ಅವ್ವನ ಕಾರ್ಡಿಗೇ ಸೇರಿದವಳು ನಾನು.
ಮೊನ್ನೆ, ಅವಳು ಹೋಗಿ ವರ್ಷವಾದ ಮೇಲೆ,
ಸೊಸೈಟಿಯ ಹುಡುಗ ನನ್ನ ಹೆಬ್ಬೆಟ್ಟು ಒತ್ತಿಸಿಕೊಂಡು ಹೇಳಿದ:
ಬೆರಳು ಕೊಡದ ಹೆಸರೆಲ್ಲ ತಾನಾಗೇ ಹೋಗಿವೆ ಅಜ್ಜಿ,
ನಾವು ತೆಗೆದದ್ದಲ್ಲ.
ಒಳ್ಳೆಯ ಹುಡುಗ. ರೈಟರಿಗೂ ಅದೇ ವಯಸ್ಸಿತ್ತು.

ಮನೆಗೆ ಬಂದು ಡಬ್ಬಿ ತೆರೆದೆ.
ಅಷ್ಟೂ ತಿಂಗಳು ಒಂದೇ ಕಲ್ಲಾಗಿ ಕೂತಿವೆ.
ಚಮಚ ಇಳಿಯಲಿಲ್ಲ.
ಹಳೆಯ ಕಾರ್ಡು ಬಿಚ್ಚಿ ಐದನೆಯ ಸಾಲು ಓದಿದೆ,
ವಯಸ್ಸು ಇಪ್ಪತ್ತಮೂರು.
ನನಗೀಗ ಅರವತ್ತೆಂಟು.
ಅಣ್ಣ ಅನ್ನಲು ಹೋದ ನಾಲಿಗೆ ತಡವರಿಸಿ
ಮಗಾ, ಅಂದಿತು.