ನಾಲ್ಕನೇ ಸೀಟು

ಮೂವರ ಬೆಂಚಿನಲ್ಲಿ ನಾಲ್ಕನೆಯವಳು ನಾನು,
ನಾಲಾಸೋಪಾರಾದಿಂದ ಮರೀನ್ ಲೈನ್ಸಿನವರೆಗೆ.
ಒಂದು ಕುಂಡೆ ಹಲಗೆಯ ಮೇಲೆ, ಇನ್ನೊಂದು ಗಾಳಿಯಲ್ಲಿ,
ಎಡಗಾಲು ನಡುದಾರಿಗೆ ಊರಿದ ಗೂಟ.
ಹತ್ತೊಂಬತ್ತು ವರ್ಷ.
'ಜರಾ ಸರಕೋ' ಅಂದರೆ ಎಲ್ಲರೂ ಸರಿಯುತ್ತಾರೆ,
ಸರಿದ ಹಾಗೆ ಮಾಡುತ್ತಾರೆ,
ಬೆರಳಗಲ ಸಿಗುತ್ತದೆ.
ಅಷ್ಟೇ ಸಾಕು ಅಂದುಕೊಂಡಿದ್ದೆ.
ಬೆನ್ನುಮೂಳೆ ಲೆಕ್ಕ ಬರೆದಿಡುತ್ತಿತ್ತು.

ಸ್ಕ್ಯಾನಿನ ಹಾಳೆಯನ್ನು ಬೆಳಕಿಗೆ ಹಿಡಿದು ಡಾಕ್ಟರ್ ಪಾಠಾರೆ
ಪೆನ್ನಿನ ತುದಿಯಿಂದ ನನ್ನನ್ನು ಕೆಳಗಿನಿಂದ ಎಣಿಸಿದರು.
ಇಗೋ, ಇಲ್ಲಿ ಗಾದಿ ಜಾರಿದೆ. ಏನು ಭಾರ ಎತ್ತುತ್ತೀರಿ?
ಏನೂ ಇಲ್ಲ, ಕೂರುತ್ತೇನೆ ಅಷ್ಟೆ, ಅಂದೆ.

ಎತ್ತುವುದೂ ಇತ್ತು, ಆಗ ನೆನಪಾಗಲಿಲ್ಲ.
ಪ್ರಿನ್ಸೆಸ್ ಸ್ಟ್ರೀಟಿನ ಮಾಳಿಗೆಯಲ್ಲಿ ಜಿತುಭಾಯಿಯ ಸಗಟು ಔಷಧದಂಗಡಿ;
ಡೈಕ್ಲೊಫೆನಾಕ್ ಪೆಟ್ಟಿಗೆ, ಮುಲಾಮಿನ ಪೆಟ್ಟಿಗೆ,
ರಟ್ಟಿನ ಮೇಲೆ ಬಾಣದ ಗುರುತು: ಈ ಬದಿ ಮೇಲೆ.
ಊರೂರ ಸೊಂಟನೋವಿಗೆ ಬಿಲ್ಲು ಹರಿದವಳು ನಾನೇ.
ಜಾಲನಾಕ್ಕೆ ಇಪ್ಪತ್ತು, ವಾಪಿಗೆ ಹನ್ನೆರಡು,
ಕಬ್ಬು ಕಡಿಯುವ ತಿಂಗಳಲ್ಲಿ ಬೀಡಿಗೆ ದುಪ್ಪಟ್ಟು.
ಆ ಪೆಟ್ಟಿಗೆಗಳ ಆಚೆ ಬೆನ್ನುಗಳಿವೆ ಅಂತ
ಹೊಳೆದದ್ದು ನನ್ನದು ಹಿಡಿದ ಮೇಲೆ.

ಚೀಟಿಯಲ್ಲಿ ನಾಲ್ಕು.
ನೋವಿನದು ಊಟದ ನಂತರ, ಹೊಟ್ಟೆ ಸುಡುತ್ತದೆ;
ಸುಡದಿರಲಿ ಅಂತ ಬರಿಹೊಟ್ಟೆಗೆ ಇನ್ನೊಂದು.
ಸ್ನಾಯು ಸಡಿಲಿಸಲು ಒಂದು. ಅದಕ್ಕೆ ಬೆನ್ನಿನ ವಿಳಾಸ ಗೊತ್ತಿಲ್ಲ,
ನಾಲಗೆ, ರೆಪ್ಪೆ, ಹಾಲಿನವನ ಬಾಕಿ,
ಸಿಕ್ಕಿದ್ದನ್ನೆಲ್ಲ ಸಡಿಲಿಸುತ್ತದೆ.
ರಾತ್ರಿಯದು ನರಕ್ಕೆ, ಅಂತ ಚೀಟಿಯ ಹಿಂದೆ ಬರೆದುಕೊಂಡೆ.
ಒಂದು 'ಕ' ಹೆಚ್ಚಿಗೆ ಬಿದ್ದಿತ್ತು.
ತಿದ್ದಲಿಲ್ಲ.

ಡಬ್ಬಾದಲ್ಲಿ ಸುದ್ದಿ ಹರಡಿತು.
ಫಿಲೋಮಿನಾ ತುಸ್ಕಾನೊ ಕುರ್ತದೊಳಗೆ ಕೈ ಹಾಕಿ
ತನ್ನ ಸೊಂಟದ ಪಟ್ಟಿ ಬಿಚ್ಚಿಯೇ ಕೊಟ್ಟಳು,
ಇನ್ನೂ ಬೆಚ್ಚಗಿತ್ತು.
ಘರತ್ ಮಾವಶಿಯದು ಓಮ, ಬೆಳ್ಳುಳ್ಳಿ, ಸಾಸಿವೆ ಎಣ್ಣೆ.
ಹಿಡಿಕೆಗೆ ಜೋತುಬಿದ್ದ ಯಾರೋ ಅಂದಳು:
ಹೆರಿಗೆಗೆ ಬೆನ್ನಿಗೆ ಸೂಜಿ ಕೊಟ್ಟಿರುತ್ತಾರಲ್ಲ,
ಎಲ್ಲರಿಗೂ ಅದರಿಂದಲೇ.
ಹೌದು ಅಂದೆ. ಹೆತ್ತಿಲ್ಲ ನಾನು.

ಹಿಂದಿನ ಮಂಗಳವಾರ
ವಸಯಿ ಖಾಡಿಯ ಸೇತುವೆ ಯಾವಾಗ ಬಂತೋ.
ಇಷ್ಟು ವರ್ಷ ಅಲ್ಲಿ, ಕಬ್ಬಿಣದ ಸದ್ದಿಗೆ
ಸೊಂಟದಲ್ಲೊಂದು ಸೆಳಕು ಎದ್ದು ತಟ್ಟುತ್ತಿತ್ತು:
ಏಳೇ, ನಿನ್ನದು ಬಂತು.
ಅವತ್ತು ತಟ್ಟಲಿಲ್ಲ.
ನಾಲಾಸೋಪಾರಾ ಹೋಯಿತು, ವಿರಾರ್ ಹೋಯಿತು,
ಎಚ್ಚರವಾದದ್ದು ಕಾರ್‌ಶೆಡ್ಡಿನಲ್ಲಿ.
ಪಂಖ ನಿಂತಿದೆ. ಹಿಡಿಕೆಗಳು ತೂಗಿ ತೂಗಿ ಸುಮ್ಮನಾಗಿವೆ.
ಇಡೀ ಡಬ್ಬಾದಲ್ಲಿ ಒಬ್ಬಳೇ,
ಆದರೂ ಬೆಂಚಿನ ತುದಿಯಲ್ಲಿ, ಅರ್ಧ ಗಾಳಿಯಲ್ಲಿ,
ಪಕ್ಕಕ್ಕೆ ಮೂವರ ಜಾಗ ಬಿಟ್ಟು.

ಕಿಟಕಿಗೆ ಸರಿದು ಕೂತು ನೋಡಿದೆ.
ಬೆನ್ನು ಒಪ್ಪಲಿಲ್ಲ, ಎಡಕ್ಕೇ ವಾಲಿತು.

ಶೆಡ್ಡಿನಲ್ಲಿ ಪ್ಲಾಟ್‌ಫಾರ್ಮ್ ಇಲ್ಲ.
ಬಾಗಿಲಿಂದ ಜಲ್ಲಿಗೆ ಆಳೆತ್ತರದ ಕತ್ತಲು.
ಕಸಬರಿಕೆ ಗೋಡೆಗಾನಿಸಿ ಒಬ್ಬ ಹುಡುಗ ಬಂದ, ಹೆಗಲು ಕೊಟ್ಟ.
ಸಾವಕಾಶ ಬಾಯಿ, ನನಗೂ ಸೊಂಟ ಹಿಡಿದಿದೆ.
ಇಪ್ಪತ್ತೆರಡು ಇರಬಹುದು.
ಚೀಲದಿಂದ ಅರ್ಧ ಪಟ್ಟಿ ಕತ್ತರಿಸಿ ಅವನ ಕೈಗಿಟ್ಟೆ:
ಊಟ ಆದ ಮೇಲೆ.
ಊಟ ಯಾವಾಗ ಅಂತ ನಾನು ಕೇಳಲಿಲ್ಲ.